ಹಿತ್ತಲ ನಲ್ಲಿಯಲ್ಲಿ ಕರೆಂಟು

ಜಯನಗರದಲ್ಲಿ ನಾವಿದ್ದ ಮನೆಯ ಮುಂಬಾಗಿಲು ದಿನಕ್ಕೆ ಎರಡು ಸಲ ತೆರೆಯುತ್ತಿತ್ತು, ಅಪ್ಪ ಆಫೀಸಿಗೆ ಹೊರಡುವಾಗ ಒಮ್ಮೆ, ಹಿಂದಿರುಗಿದಾಗ ಒಮ್ಮೆ. ಉಳಿದ ಸಂಸಾರವೆಲ್ಲ ನಡೆಯುತ್ತಿದ್ದುದು ಹಿತ್ತಲಲ್ಲಿ. ಹಿತ್ತಲೆಂದರೆ ಅಡುಗೆಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಒಂದು ಓಣಿ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಸರಿದು ನಿಲ್ಲಬೇಕು. ಅದರಲ್ಲೇ ಒಗೆಯುವ ಕಲ್ಲು, ಪಾತ್ರೆ ತೊಳೆಯುವ ಜಾಗ, ಒಂದು ಕರಿಬೇವಿನ ಗಿಡ, ನೆಲದೊಳಗಿನ ಸಂಪು, ಸಂಪಿನ ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುವ ಮೋಟರು. ಟ್ಯಾಂಕಿನಿಂದ ಕಬ್ಬಿಣದ ಕೊಳವೆಯೊಂದು ಗೋಡೆಗುಂಟ ಇಳಿದು ಒಗೆಯುವ ಕಲ್ಲಿನ ಮೇಲೆ ಹಿತ್ತಾಳೆಯ ನಲ್ಲಿಯಾಗಿ ಮುಗಿಯುತ್ತಿತ್ತು. ಅದರ ಪಕ್ಕದಲ್ಲೇ ಮೋಟರಿಗೆ ಕರೆಂಟು ಒಯ್ಯುವ ಇನ್ನೊಂದು ಸಣ್ಣ ಕಬ್ಬಿಣದ ಪೈಪು, ವೈರುಗಳು ಅದರೊಳಗೆ. ನಲ್ಲಿಯಿಂದ ಎರಡಾಳು ಎತ್ತರದಲ್ಲಿ ಈ ಪೈಪಿಗೊಂದು ದುಂಡನೆಯ ಡಬ್ಬಿ. ವೈರಿಗೆ ವೈರು ಕೂಡಿಸಿದ್ದು ಆ ಡಬ್ಬಿಯಲ್ಲಿ. ನನ್ನ ಬಾಲ್ಯದ ಬಗ್ಗೆ ಯಾರಾದರೂ ಕೇಳಿದರೆ ಮೊದಲು ನೆನಪಾಗುವುದು ಆ ಓಣಿಯೇ. ನೆನೆದರೆ ಸಂತೋಷವೂ ಆಗುವುದಿಲ್ಲ, ಸಂಕಟವೂ ಆಗುವುದಿಲ್ಲ. ಎಲ್ಲಿ ಏನಿತ್ತೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ, ಅಷ್ಟೆ.

ಮನೆಯಲ್ಲಿ ನಾವು ನಾಲ್ವರು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ಒಬ್ಬಳೇ ಮಗಳು ನಾನು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಎಲ್ಲರ ಮಾತು ಕೇಳಬೇಕಾಗುತ್ತಿತ್ತೇನೋ, ಮನೆಗೆ ಬಂದರೆ ಯಾರ ಸಹಾಯವೂ ಬೇಡವೆನ್ನುವ ಮನುಷ್ಯ. ಕುರ್ಚಿಯ ಕಾಲು, ಕುಕ್ಕರಿನ ಹಿಡಿ, ರೇಡಿಯೊ, ಮೋಟರು ಎಲ್ಲವನ್ನೂ ತಾವೇ ಬಿಚ್ಚಿ ತಾವೇ ಜೋಡಿಸುತ್ತಿದ್ದರು. ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಟೆಸ್ಟರು, ಇಕ್ಕಳ, ಕಪ್ಪು ಟೇಪು, ಫ್ಯೂಸ್ ವೈರು ಇಟ್ಟುಕೊಂಡಿದ್ದರು. ನಾನು ಅವರ ಸಹಾಯಕಿ. ಟಾರ್ಚು ಹಿಡಿಯುವುದು, ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದುಕೊಡುವುದು ನನ್ನ ಕೆಲಸ. ಅಪ್ಪ ಹೆಚ್ಚು ಮಾತಾಡುವವರಲ್ಲ, ಮುದ್ದು ಮಾಡುವವರಂತೂ ಅಲ್ಲ. ಟಾರ್ಚನ್ನು ಸರಿಯಾದ ಕಡೆ ಹಿಡಿದರೆ "ಹಾಂ, ಅಲ್ಲೇ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ತೋಳು ಸೋತು ಬೀಳುವವರೆಗೂ ಟಾರ್ಚು ಹಿಡಿದು ನಿಲ್ಲುತ್ತಿದ್ದೆ.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದ ವರ್ಷ ಮಳೆ ಹಿಡಿದಾಗಲೆಲ್ಲ ಫ್ಯೂಸು ಹೋಗಲಾರಂಭಿಸಿತು. ಮಳೆ ನಿಂತು ಬಿಸಿಲು ಬಿದ್ದರೆ ಎಲ್ಲ ಸರಿ. ಅಪ್ಪ ಪ್ರತಿಸಲ ಹೊಸ ಫ್ಯೂಸ್ ವೈರು ಕಟ್ಟುತ್ತಿದ್ದರು, ಮುಂದಿನ ಮಳೆಗೆ ಅದೂ ಸುಟ್ಟುಹೋಗುತ್ತಿತ್ತು. ಅಜ್ಜಿಗೆ ಕತ್ತಲೆಂದರೆ ಭಯ, ಒಂದೇ ಸಮನೆ ಗೊಣಗುತ್ತಿದ್ದಳು. ಒಂದು ಭಾನುವಾರ ಅಪ್ಪ ಏಣಿ ಹಾಕಿ ಗೋಡೆಯ ಮೇಲಿನ ಡಬ್ಬಿಯನ್ನು ಬಿಚ್ಚಿದರು. ಒಳಗೆ ಇರುವೆಗಳು ಮಣ್ಣು ತುಂಬಿ ಗೂಡು ಕಟ್ಟಿದ್ದವು. ಅದನ್ನು ಊದಿ ತೆಗೆದು, ಕೂಡಿಸಿದ ಜಾಗಕ್ಕೆಲ್ಲ ಟೇಪು ಸುತ್ತಿ ಮುಚ್ಚಿದರು. ನಾನು ಕೆಳಗೆ ನಿಂತು ಟೇಪು ಹರಿದುಕೊಟ್ಟೆ. ಮುಚ್ಚಳದ ಒಂದು ಸ್ಕ್ರೂ ಕೈಜಾರಿ ಸಂಪಿನ ಕಡೆ ಬಿತ್ತು, ಹುಡುಕಿದರೆ ಸಿಗಲಿಲ್ಲ. ಒಂದೇ ಸ್ಕ್ರೂನಲ್ಲಿ ನಿಂತ ಮುಚ್ಚಳ ಒಂದು ಮಗ್ಗುಲಿಗೆ ಓರೆಯಾಯಿತು. ಸಾಕು ಬಿಡು ಎಂದರು ಅಪ್ಪ. ಮರುದಿನ ಮಳೆ ಬಂದಾಗ ಫ್ಯೂಸು ಮತ್ತೆ ಹೋಯಿತು. ಆಗ ಅವರು ಫ್ಯೂಸ್ ವೈರಿನ ಬದಲು ಬೇರೆ ವೈರಿನಿಂದ ತೆಗೆದ ನಾಲ್ಕು ತಾಮ್ರದ ಎಳೆಗಳನ್ನು ಹುರಿಮಾಡಿ ಕಟ್ಟಿದರು. ಆ ದಪ್ಪ ಹುರಿ ಸುಲಭಕ್ಕೆ ಸುಡುವಂಥದ್ದಲ್ಲ, ಆಮೇಲೆ ಎಷ್ಟೇ ಮಳೆ ಬಂದರೂ ದೀಪ ಆರಲಿಲ್ಲ. ಅಪ್ಪ ರಿಪೇರಿ ಮಾಡಿದರು ಎಂದು ಮನೆಯವರೆಲ್ಲ ನಂಬಿದೆವು. ಅಜ್ಜಿ ಅಂದು ಅಪ್ಪನಿಗಾಗಿ ಗೋಧಿ ಪಾಯಸ ಮಾಡಿಸಿದಳು.

ಅದೇ ತಿಂಗಳು ಒಗೆಯುವ ಕಲ್ಲಿನ ಸುತ್ತ ಗಾರೆ ಹಾಕಿಸಿದರು. ಮಣ್ಣುನೆಲದಲ್ಲಿ ನಿಂತು ಒಗೆದು ಅಮ್ಮನ ಕಾಲ್ಬೆರಳ ಸಂದಿಗಳು ಬಿರಿಯುತ್ತಿದ್ದವು, ಅದಕ್ಕೆಂದೇ ಮಾಡಿಸಿದ್ದು. ಅಲ್ಲಿ ಕಬ್ಬಿಣದ ಮುಚ್ಚಳದ ಒಂದು ಗುಂಡಿ ಇತ್ತು, ಅದರೊಳಗಿನಿಂದ ಒಂದು ತಂತಿ ಗೋಡೆ ಹತ್ತಿ ಹೋಗುತ್ತಿತ್ತು. ಗಾರೆಯವನು ಕೇಳಿದಾಗ ಅಪ್ಪ, ಅದೇನೂ ಉಪಯೋಗದಲ್ಲಿಲ್ಲ, ಮುಚ್ಚಿಬಿಡು ಎಂದರು. ಅವನು ಅಡ್ಡ ಬಂದ ತಂತಿಯನ್ನು ಕತ್ತರಿಸಿ, ಗುಂಡಿ ಮುಚ್ಚಿ, ಮೇಲೆ ನುಣುಪಾಗಿ ಸಿಮೆಂಟು ಎಳೆದ. ನೋಡಲು ಚೆನ್ನಾಗಿತ್ತು. ಅಮ್ಮನಿಗೂ ಖುಷಿಯಾಯಿತು.

ನಲ್ಲಿ ಜುಮ್ಮೆನ್ನುತ್ತದೆ ಎಂದು ಮೊದಲು ಹೇಳಿದವಳು ಸಾಕಮ್ಮ. ಅವಳು ಸಿದ್ದಾಪುರದಿಂದ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸು, ಅಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಮಳೆ ಬಂದ ದಿನ ನಲ್ಲಿ ಮುಟ್ಟಿದರೆ ಮೊಣಕೈವರೆಗೂ ಏನೋ ಹರಿದಹಾಗಾಗುತ್ತದೆ ಎಂದಳು. ಕೆಲಸ ತಪ್ಪಿಸಲು ಒಂದೊಂದು ನೆಪ ಎಂದಳು ಅಜ್ಜಿ. ಸಾಕಮ್ಮ ಮತ್ತೆ ಆ ಮಾತೆತ್ತಲಿಲ್ಲ. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ನಲ್ಲಿ ತಿರುಗಿಸತೊಡಗಿದಳು.

ಆಮೇಲೆ ಅಮ್ಮನೂ ಅದನ್ನೇ ಹೇಳಿದಳು. ಅಪ್ಪ ಒಂದು ಭಾನುವಾರ ಮಧ್ಯಾಹ್ನ ಟೆಸ್ಟರು ಹಿಡಿದು ಹಿತ್ತಲಿಗೆ ಹೋದರು. ಮಳೆ ಬಂದು ನಾಲ್ಕು ದಿನವಾಗಿತ್ತು, ಗೋಡೆ ಒಣಗಿ ಬೆಚ್ಚಗಿತ್ತು. ಅಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡಿದ್ದರು. ಟೆಸ್ಟರನ್ನು ನಲ್ಲಿಗೆ ಮುಟ್ಟಿಸಿದರು, ಹತ್ತಲಿಲ್ಲ. ಕೈಯಿಂದ ಮುಟ್ಟಿದರು, ಏನೂ ಆಗಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಮುಂದಿನ ವಾರ ಅಮ್ಮ ಮತ್ತೆ ಅದನ್ನೇ ಹೇಳಿದಾಗ ಅಪ್ಪ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕೈ ಜುಮ್ಮೆನ್ನುತ್ತದೆ ಎಂಬುದನ್ನು ಕೇಳಿದ ಡಾಕ್ಟರು ನರದ ನಿಶ್ಶಕ್ತಿ ಎಂದು ಕೆಂಪು ಗುಳಿಗೆ ಬರೆದುಕೊಟ್ಟರು. ಅಮ್ಮ ಊಟವಾದ ಮೇಲೆ ದಿನವೂ ಒಂದು ಗುಳಿಗೆ ನುಂಗುತ್ತಿದ್ದಳು. ಗುಳಿಗೆ ನುಂಗಿ, ಲೋಟ ತೊಳೆಯಲು ಅದೇ ನಲ್ಲಿಯ ಹತ್ತಿರ ಹೋಗುತ್ತಿದ್ದಳು.

ಮಳೆಯ ದಿನಗಳಲ್ಲಿ ಅವಳೇ ಒಂದು ಉಪಾಯ ಕಂಡುಕೊಂಡಳು. ಊಟಕ್ಕೆ ಕೂರುವ ಮರದ ಮಣೆಯೊಂದನ್ನು ತಂದು ಕಲ್ಲಿನ ಮುಂದಿಟ್ಟು, ಅದರ ಮೇಲೆ ನಿಂತು ಒಗೆಯುತ್ತಿದ್ದಳು. ಎರಡು ದಿನ ನಡೆಯಿತು. ಮೂರನೆಯ ದಿನ ಅಜ್ಜಿ ನೋಡಿದಳು. ಕೂತು ಉಣ್ಣುವ ಮಣೆಯನ್ನು ಯಾರಾದರೂ ಎಂಜಲ ನೀರಿನಲ್ಲಿ ಇಡುತ್ತಾರೆಯೇ, ನಿನ್ನ ತೌರಿನಲ್ಲಿ ಹೀಗೇನಾ ಎಂದು ಕೇಳಿದಳು. ಜಗಳವೆಂದರೆ ಅಷ್ಟೇ, ಅಮ್ಮ ಮಣೆಯಿಂದ ಇಳಿದಳು. ಅಜ್ಜಿ ಮಣೆಯನ್ನು ತೊಳೆದು, ಒಣಗಿಸಿ, ಅಡುಗೆಮನೆಯ ಬಾಗಿಲ ಸಂದಿಗೆ ಒರಗಿಸಿದಳು.

ಇನ್ನು ನನ್ನ ವಿಷಯ. ಒಂದು ಸಂಜೆ ಸ್ಕೂಲಿನಿಂದ ನೆನೆದುಕೊಂಡು ಬಂದವಳು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ನಲ್ಲಿ ಮುಟ್ಟಿದ ಕೂಡಲೆ ಬೆರಳುಗಳೊಳಗೆ ಯಾರೋ ಹಿಡಿದು ಒದರಿದ ಹಾಗಾಯಿತು. ಕೈ ಕಿತ್ತುಕೊಂಡೆ. ಸ್ವಲ್ಪ ಹೊತ್ತು ನಿಂತು ಮತ್ತೆ ಮುಟ್ಟಿದೆ. ಮತ್ತೆ ಹಾಗೇ ಆಯಿತು. ಕಾಲು ತೊಳೆಯದೆ ಒಳಗೆ ಬಂದು, ಯಾರಿಗೂ ಹೇಳದೆ ಹೋಂವರ್ಕ್ ಮಾಡಲು ಕುಳಿತೆ. ಆ ವಾರದ ಭಾನುವಾರ ಊಟಕ್ಕೆ ಕೂತಿದ್ದೆವು. ಹುರುಳಿಕಾಯಿ ಪಲ್ಯ, ಮೆಂತ್ಯದ ಹುಳಿ. ಅಮ್ಮ ಬಡಿಸುತ್ತ, ಯಾರಾದರೂ ತಿಳಿದವರನ್ನು ಕರೆಸಿ ನಲ್ಲಿ ತೋರಿಸಬಾರದೇ ಎಂದು ಮೆಲ್ಲಗೆ ಕೇಳಿದಳು. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವರು ಅಮ್ಮನ ಕಡೆ ನೋಡದೆ ನನ್ನ ಕಡೆ ತಿರುಗಿದರು.

"ನೀನೂ ದಿನಾ ಅಲ್ಲೇ ಕೈಕಾಲು ತೊಳೀತೀಯಲ್ಲ. ನಿಂಗೇನಾದ್ರೂ ಆಗಿದ್ಯಾ?"

ಆ ಡಬ್ಬಿಗೆ ಟೇಪು ಹರಿದುಕೊಟ್ಟವಳು ನಾನು. ನಲ್ಲಿಯಲ್ಲಿ ಕರೆಂಟು ಇದೆಯೆಂದರೆ ನಾವಿಬ್ಬರೂ ಸೇರಿ ಮಾಡಿದ ಕೆಲಸ ಕೆಟ್ಟಿದೆಯೆಂದು ಅರ್ಥ. ಅಷ್ಟು ಸ್ಪಷ್ಟವಾಗಿ ಯೋಚಿಸಿದೆನೋ ಇಲ್ಲವೋ ಗೊತ್ತಿಲ್ಲ. ಬಾಯಿಂದ ಮಾತ್ರ ಸಲೀಸಾಗಿ ಬಂತು.

"ಇಲ್ಲಪ್ಪ. ಏನೂ ಆಗಲ್ಲ."

"ನೋಡು," ಎಂದರು ಅಪ್ಪ, ಅಮ್ಮನಿಗೆ. "ಮಗೂಗೇ ಏನೂ ಆಗಲ್ಲ."

ಅಮ್ಮ ನನ್ನ ತಟ್ಟೆಗೆ ಹುಳಿ ಬಡಿಸಿ ಮುಂದೆ ಹೋದಳು. ಅಪ್ಪ ನನ್ನ ಬೆನ್ನ ಮೇಲೊಮ್ಮೆ ಕೈಯಾಡಿಸಿದರು. ನಾನು ಅನ್ನ ಕಲಸಿಕೊಂಡು ತಿಂದೆ.

ಅದಾದ ಒಂಬತ್ತೋ ಹತ್ತೋ ದಿನಕ್ಕೆ, ಹಿಂದಿನ ಸಂಜೆಯಿಂದ ಸುರಿದ ಮಳೆ ಬೆಳಿಗ್ಗೆ ಸ್ವಲ್ಪ ಬಿಟ್ಟಿತ್ತು. ಅಪ್ಪ ಸ್ನಾನದ ಮನೆಯಲ್ಲಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಅಮ್ಮ ಕೊಡ ತುಂಬಲು ಹೋಗಿ ಬಲಗೈಯಲ್ಲಿ ನಲ್ಲಿ ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಕೊಡ ಉರುಳಿತು. ಅವಳು ಕೂಗಲಿಲ್ಲ, ಗಂಟಲಲ್ಲಿ ಒಂದು ಸಣ್ಣ ಸದ್ದು ಬರುತ್ತಿತ್ತು, ಮೈ ನಡುಗುತ್ತಿತ್ತು. ನಾನು ತಟ್ಟೆ ಹಿಡಿದುಕೊಂಡೇ ನೋಡುತ್ತಿದ್ದೆ. ಅಜ್ಜಿ ಒಳಗಿನಿಂದ ಬಂದವಳು ಅಮ್ಮನನ್ನು ಹಿಡಿಯಲು ಕೈ ಚಾಚಿದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಪಾತ್ರೆ ಉಜ್ಜುತ್ತಿದ್ದ ಸಾಕಮ್ಮ ಓಡಿಬಂದು ಅಜ್ಜಿಯನ್ನು ಭುಜದಿಂದ ಹಿಂದಕ್ಕೆ ತಳ್ಳಿದಳು.

"ಮುಟ್ಬೇಡಿ ಅಮ್ಮಾರೆ, ನೀವೂ ಹೋಗ್ತೀರಿ."

ಬಾಗಿಲ ಸಂದಿಯ ಮಣೆಯನ್ನು ಎಳೆದುಕೊಂಡು ಸಾಕಮ್ಮ ಅದರಿಂದ ಅಮ್ಮನ ಮೊಣಕೈಗೆ ಬೀಸಿ ಹೊಡೆದಳು. ಮೊದಲ ಏಟಿಗೆ ಕೈ ಬಿಡಲಿಲ್ಲ. ಎರಡನೆಯದಕ್ಕೆ ಬಿಟ್ಟಿತು. ಅಮ್ಮ ಗಾರೆಯ ಮೇಲೆ ಬಿದ್ದಳು. ಅಂಗೈಯಲ್ಲಿ ನಲ್ಲಿಯ ಹಿಡಿಯ ಗುರುತು ಬೆಳ್ಳಗೆ ಮೂಡಿತ್ತು, ಕೂದಲು ಸುಟ್ಟಂಥ ವಾಸನೆ ಬರುತ್ತಿತ್ತು. ಅಪ್ಪ ಒದ್ದೆ ಮೈಯಲ್ಲಿ ಟವೆಲು ಸುತ್ತಿಕೊಂಡು ಓಡಿಬಂದರು. ಪಕ್ಕದ ಮನೆಯವರ ಕಾರಿನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದರು. ಅವರು ಹೋದಮೇಲೆ ಅಜ್ಜಿ ದೇವರ ಮುಂದೆ ಕೂತಳು. ನಾನು ತಟ್ಟೆಯಲ್ಲಿ ಉಳಿದಿದ್ದ ಉಪ್ಪಿಟ್ಟನ್ನು ಪೂರ್ತಿ ತಿಂದು ಮುಗಿಸಿದೆ. ಅದು ತಣ್ಣಗಾಗಿತ್ತು. ಅಳು ಬರಲಿಲ್ಲ. ಆ ಬೆಳಿಗ್ಗೆ ಬಾರದ ಅಳು ಆಮೇಲೆ ಯಾವ ಸಾವಿನಲ್ಲೂ, ಯಾವ ಮದುವೆಯಲ್ಲೂ ನನಗೆ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ.

ಅಮ್ಮ ಬದುಕಿದಳು. ಅವಳು ಆಸ್ಪತ್ರೆಯಲ್ಲಿರುವಾಗಲೇ ಅಪ್ಪ ಸುದ್ದಗುಂಟೆಪಾಳ್ಯದಿಂದ ಆರೋಗ್ಯಸ್ವಾಮಿ ಎಂಬ ಎಲೆಕ್ಟ್ರಿಷಿಯನ್‌ನನ್ನು ಕರೆತಂದರು. ಬೆಳ್ಳಿಗೂದಲಿನ, ನಿಧಾನದ ಮನುಷ್ಯ. ಮೊದಲು ಮೈನ್ ಆಫ್ ಮಾಡಿ ಫ್ಯೂಸು ಎಳೆದು ನೋಡಿದರು. ತಾಮ್ರದ ಹುರಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಂದು ಚುರುಗುಡುವ ಬಿಸಿಲಿತ್ತು. ಮನೆಯ ಒಂದೊಂದೇ ಲೈನನ್ನು ಬೇರೆ ಮಾಡಿ, ಕೈಯಿಂದ ತಿರುಗಿಸುವ ಒಂದು ಮೀಟರಿನ ಪೆಟ್ಟಿಗೆ ಇಟ್ಟುಕೊಂಡು ಅಳೆದರು. ಕರೆಂಟು ವೈರಿನೊಳಗೇ ಹೋಗುತ್ತಿದೆಯೋ ಎಲ್ಲಾದರೂ ಹೊರಕ್ಕೆ ಸೋರುತ್ತಿದೆಯೋ ಅದು ಹೇಳುತ್ತದಂತೆ. ಎಲ್ಲ ಲೈನುಗಳೂ ಸರಿಯಿದ್ದವು, ಹಿತ್ತಲಿನದೂ ಸರಿಯಿತ್ತು. ಅಪ್ಪ, ತಾವು ಪರೀಕ್ಷೆ ಮಾಡಿದಾಗಲೂ ಹೀಗೇ ಏನೂ ಸಿಗಲಿಲ್ಲ ಎಂದರು. ಆರೋಗ್ಯಸ್ವಾಮಿ ಸಾಕಮ್ಮನಿಂದ ಎರಡು ಬಕೆಟ್ ನೀರು ತರಿಸಿ, ಏಣಿ ಹತ್ತಿ, ಚೊಂಬಿನಿಂದ ಗೋಡೆಯ ಮೇಲೆ ಮಳೆಯ ಹಾಗೆ ಸುರಿಯತೊಡಗಿದರು.

"ಮಳೇಲಿ ಬರೋ ಕಾಯಿಲೆ ಸಾರ್ ಇದು. ಬಿಸಿಲಲ್ಲಿ ನೋಡಿದ್ರೆ ಹೆಂಗೆ ಸಿಕ್ಕುತ್ತೆ?"

ಕಾಲು ಗಂಟೆ ಕಾದು ಮತ್ತೆ ಅಳೆದರು. ಹಿತ್ತಲಿನ ಲೈನಿನಲ್ಲಿ ಮುಳ್ಳು ತಳಕ್ಕೆ ಬಿದ್ದಿತ್ತು, ಕರೆಂಟು ಸೋರುತ್ತಿದೆ ಎಂದರ್ಥ. ಡಬ್ಬಿಯ ಓರೆ ಮುಚ್ಚಳ ತೆಗೆದಾಗ ಅದರೊಳಗಿಂದ ನೀರು ಸುರಿಯಿತು. ವೈರಿನ ಪೈಪು ಡಬ್ಬಿಗೆ ಮೇಲಿನಿಂದ ಇಳಿದಿತ್ತು, ಮಳೆನೀರು ಪೈಪಿನ ಮೈಗುಂಟ ಇಳಿದು ನೇರ ಡಬ್ಬಿಗೇ ಸೇರುತ್ತಿತ್ತು. ನಾನು ಹರಿದುಕೊಟ್ಟ ಬಟ್ಟೆಯ ಟೇಪು ನೀರು ಕುಡಿದು ಊದಿಕೊಂಡು ಕೊಳೆತಿತ್ತು. ವೈರಿನ ಕರೆಂಟು ಆ ನೀರಿನ ಮೂಲಕ ಪೈಪಿಗೆ, ಎರಡೂ ಪೈಪುಗಳನ್ನು ಒಟ್ಟಿಗೆ ಗೋಡೆಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಯಿಂದ ನೀರಿನ ಕೊಳವೆಗೆ, ಅಲ್ಲಿಂದ ನಲ್ಲಿಗೆ. ಹಾಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಒಂದು ತಂತಿ ಇರಬೇಕಲ್ಲ, ಅದೆಲ್ಲಿ ಎಂದು ಅವರು ಕೇಳಿದರು. ಅಪ್ಪ ಕಾಲ ಕೆಳಗಿನ ಗಾರೆಯನ್ನು ತೋರಿಸಿದರು.

ಏಣಿಯಿಂದ ಇಳಿದು ಕೈ ಒರೆಸಿಕೊಳ್ಳುತ್ತ ಆರೋಗ್ಯಸ್ವಾಮಿ ಒಂದು ಮಾತು ಕೇಳಿದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಕೆಲಸಕ್ಕೆ ಬೇಕಾಗಿ ಕೇಳಿದ್ದು.

"ಮುಂಚೆ ಯಾರಿಗಾದ್ರೂ ಜುಮ್ ಅಂದಿತ್ತಾ? ಎಷ್ಟು ದಿನದಿಂದ?"

ಅಜ್ಜಿ ಅಪ್ಪನನ್ನು ನೋಡಿದಳು. ಅಪ್ಪ ಗಾರೆಯನ್ನು ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ನಂಗೆ ಅಂದಿತ್ತು," ಎಂದಳು ಸಾಕಮ್ಮ, ಬಕೆಟ್ ಕೆಳಗಿಡುತ್ತ. "ನಾನು ಹೇಳಿದ್ದೆ. ಅಮ್ಮಾವ್ರೂ ಹೇಳಿದ್ರು."

ನನಗೂ ಹೊಡೆದಿತ್ತೆಂದು ನಾನು ಹೇಳಲಿಲ್ಲ.

ಎರಡು ದಿನ ಕೆಲಸ ನಡೆಯಿತು. ಗಾರೆ ಒಡೆದು ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಂತಿ ಇಳಿಸಿದರು. ವೈರನ್ನು ನೀರಿನ ಕೊಳವೆಯಿಂದ ಒಂದು ಮೊಳ ದೂರಕ್ಕೆ ಸರಿಸಿ, ರಬ್ಬರಿನ ಅಂಚಿದ್ದ ಹೊಸ ಡಬ್ಬಿಗೆ ಕೆಳಗಿನಿಂದ ಹೊಗಿಸಿದರು. ಹೊಗುವ ಮುಂಚೆ ವೈರು ಸ್ವಲ್ಪ ಜೋಲುಬಿದ್ದು ಮೇಲೇರಬೇಕು, ಆಗ ನೀರು ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹೋಗುವುದಿಲ್ಲ ಎಂದು ಅವರು ಯಾರಿಗೆಂದಿಲ್ಲದೆ ವಿವರಿಸಿದರು. ಕೇಳಿಸಿಕೊಂಡವಳು ನಾನೊಬ್ಬಳೇ. ಅದಾಗಿ ಎಷ್ಟೋ ವರ್ಷದ ಮೇಲೆ, ಈಗ ಹೋದ ಮಳೆಗಾಲದಲ್ಲಿ, ಜೆ.ಪಿ. ನಗರದಲ್ಲಿ ನಾನೀಗಿರುವ ಅಪಾರ್ಟ್‌ಮೆಂಟಿನ ತೋಟದ ದೀಪಗಳ ಸ್ವಿಚ್ಚು ಮಳೆ ಬಂದಾಗಲೆಲ್ಲ ತಾನಾಗಿ ಬೀಳುತ್ತಿತ್ತು. ಈಗಿನ ಸ್ವಿಚ್ಚುಗಳು ಹಾಗೆ, ಚೂರು ಕರೆಂಟು ಹೊರಗೆ ಸೋರಿದರೂ ಆಫ್ ಆಗುತ್ತವೆ. ಬಿಟಿಎಂನಲ್ಲಿ ಬಾಡಿಗೆಗಿರುವ, ರಾಯಚೂರು ಕಡೆಯ ಶರಣಪ್ಪ ನಮ್ಮಲ್ಲಿ ಎಲೆಕ್ಟ್ರಿಷಿಯನ್. ಮಕ್ಕಳ ತಂದೆ, ಒಳ್ಳೆಯ ಕೆಲಸಗಾರ. ಜನ ಕತ್ತಲೆಂದು ಬೈಯುತ್ತಾರೆಂದು ಅವನು, "ಮೇಡಂ, ಆ ಟ್ರಿಪ್ಪರ್ ಬೈಪಾಸ್ ಮಾಡಿಬಿಡ್ತೀನ್ರಿ, ಬೀಳಂಗಿಲ್ಲ" ಎಂದ. ಬೇಡವೆಂದೆ. ಇಬ್ಬರೂ ಒಂದೊಂದೇ ಕಂಬದ ಡಬ್ಬಿ ಬೇರೆ ಮಾಡುತ್ತ, ಪೈಪಿನಿಂದ ನೀರು ಹೊಡೆಯುತ್ತ ಹೋದೆವು. ಏಳನೆಯ ಕಂಬದಲ್ಲಿ ಸಿಕ್ಕಿತು, ಬಿರುಕುಬಿಟ್ಟ ಮುಚ್ಚಳ, ಒಳಗೆ ಇರುವೆಯ ಮಣ್ಣು. ಒದ್ದೆಯಾದ ಸೀರೆಯಲ್ಲೇ ಮನೆಗೆ ಬಂದು ಕಾಫಿ ಮಾಡಿಕೊಂಡು ಕುಡಿದೆ. ಏನೂ ಅನ್ನಿಸಲಿಲ್ಲ.

ಅಪ್ಪ ಅಮ್ಮನ ಹತ್ತಿರ ತಪ್ಪಾಯಿತು ಎಂದದ್ದನ್ನು ನಾನು ಕೇಳಿಲ್ಲ. ಬಿಸ್ಕತ್ತಿನ ಡಬ್ಬವನ್ನು ಅಟ್ಟಕ್ಕೆ ಹಾಕಿದರು, ಮತ್ತೆ ಇಳಿಸಲಿಲ್ಲ. ತಂತಿ ಇಳಿಸಿದ ಆ ಹೊಸ ಗುಂಡಿ ಒಣಗಬಾರದೆಂದು ಆರೋಗ್ಯಸ್ವಾಮಿ ಹೇಳಿದ್ದರು. ಅಪ್ಪ ದಿನವೂ ಸ್ನಾನಕ್ಕೆ ಮುಂಚೆ ಅದಕ್ಕೆ ಒಂದು ಕೊಡ ನೀರು ಹೊಯ್ಯುತ್ತಿದ್ದರು. ಸಂಧ್ಯಾವಂದನೆ ತಪ್ಪಿಸಿದ ದಿನಗಳುಂಟು, ಇದನ್ನು ತಪ್ಪಿಸಿದ್ದು ನಾನು ಕಾಣೆ. ಜೋರು ಮಳೆಯಲ್ಲೂ ಕೊಡೆ ಹಿಡಿದುಕೊಂಡು ಹೋಗಿ ಹೊಯ್ದು ಬರುತ್ತಿದ್ದರು. ಮಾತು ಮೊದಲೇ ಕಡಿಮೆ, ಈಗ ಇನ್ನೂ ಕಡಿಮೆಯಾಯಿತು. ನನ್ನನ್ನು ಟಾರ್ಚು ಹಿಡಿಯಲು ಕರೆಯುವ ಸಂದರ್ಭವೇ ಬರಲಿಲ್ಲ. ಸಾಕಮ್ಮನಿಗೆ ಅಮ್ಮ ಗೌರಿಹಬ್ಬಕ್ಕೆ ತನ್ನ ಹೊಸ ಸೀರೆಯನ್ನೇ ಕೊಟ್ಟಳು. ಅಜ್ಜಿ ಅವಳಿಗೆ ಕಾಫಿ ಕೊಡುವ ಲೋಟ ಮಾತ್ರ ಅದೇ ಬೇರೆ ಲೋಟ, ಹಿತ್ತಲ ಗೂಡಿನಲ್ಲಿ ಕವುಚಿಟ್ಟದ್ದು. ಮುಂದಿನ ಬೇಸಿಗೆಯಲ್ಲಿ ಸಾಕಮ್ಮ ಬೇರೆ ಮನೆ ಹಿಡಿದಳು. ಅಲ್ಲಿ ಪಾತ್ರೆ ತೊಳೆಯುವ ಜಾಗ ಮನೆಯೊಳಗೇ ಇದೆಯಂತೆ ಎಂದು ಅಮ್ಮ ಹೇಳಿದಳು.

ಅಮ್ಮನ ಬಲಗೈ ಗಾಯ ಮಾಯಿತು. ಅಂಗೈಯೂ ಮೂರು ಬೆರಳುಗಳೂ ಮರಗಟ್ಟಿಯೇ ಉಳಿದವು. ಮಡಚಲು ಬಿಡಿಸಲು ಬರುತ್ತಿತ್ತು, ಮುಟ್ಟಿದ್ದು ಮಾತ್ರ ತಿಳಿಯುತ್ತಿರಲಿಲ್ಲ. ಕಾದ ಬಾಣಲೆ ಹಿಡಿದು, ಚರ್ಮ ಸುಟ್ಟ ವಾಸನೆ ಬಂದಮೇಲೆ ನೋಡಿಕೊಂಡದ್ದು ಎರಡು ಸಲ. ಅಂದಿನಿಂದ ಒಲೆಯ ಮೇಲಿನದನ್ನು ಇಳಿಸುವ ಮುಂಚೆ ನನ್ನನ್ನು ಕರೆಯುತ್ತಿದ್ದಳು. ನಾನು ಬೆರಳ ತುದಿಯಿಂದ ಮುಟ್ಟಿ ನೋಡಿ ಹೇಳಬೇಕು. "ಬಿಸಿ ಇದೆಯಾ ನೋಡೇ" ಎಂಬ ಮಾತನ್ನು ನಾನು ಆ ಮನೆಯಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ. ಓದುತ್ತಿದ್ದರೂ ಎದ್ದು ಹೋಗುತ್ತಿದ್ದೆ. ಇದೆ, ಇಲ್ಲ, ಸ್ವಲ್ಪ ಇದೆ, ಬಟ್ಟೆ ಹಿಡಿದುಕೋ. ಇದರಲ್ಲಿ ನಾನು ಒಂದು ಸಲವೂ ಅಂದಾಜಿನ ಮೇಲೆ ಹೇಳಲಿಲ್ಲ. ಮುಟ್ಟಿಯೇ ಹೇಳಿದೆ.

ಕಾಲೇಜಿಗೆ ಸೇರಿದ ವರ್ಷ ಒಂದು ಮಧ್ಯಾಹ್ನ ಅಮ್ಮ ಹಾಗೆಯೇ ಕರೆದಳು. ಅಜ್ಜಿ ತೀರಿಕೊಂಡಿದ್ದಳು, ಅಪ್ಪ ಆಫೀಸಿನಲ್ಲಿದ್ದರು, ಮನೆಯಲ್ಲಿ ನಾವಿಬ್ಬರೇ. ಒಲೆಯ ಮೇಲೆ ಸಾರಿನ ಪಾತ್ರೆ. ನಾನು ಅದರ ಹಿಡಿಯತ್ತ ಬೆರಳು ಚಾಚಿದವಳು, ಯಾಕೋ ಗೊತ್ತಿಲ್ಲ, ಹೇಳಿಬಿಟ್ಟೆ.

"ಅಮ್ಮ, ಆವತ್ತು ಊಟಕ್ಕೆ ಕೂತಾಗ ಅಪ್ಪ ಕೇಳಿದ್ರಲ್ಲ, ನಾನು ಸುಳ್ಳು ಹೇಳಿದ್ದೆ. ನಲ್ಲೀಲಿ ನಂಗೂ ಹೊಡೆದಿತ್ತು. ಎರಡು ಸಲ."

ಅಮ್ಮ ಎಡಗೈಯಲ್ಲಿ ಮಸಿಬಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನೋಡಿದೆ. ಸಾರು ಕುದಿಯುತ್ತಿತ್ತು. ಅವಳು ಅದರ ಕಡೆಯೇ ನೋಡುತ್ತ ಒಲೆ ಆರಿಸಿದಳು.

"ಪಾತ್ರೇದು ಹಿಡಿ ಬಿಸಿ ಇದೆಯಾ ಇಲ್ವಾ, ಈಗ ಅದನ್ನ ಹೇಳು."

ನಾನು ಹಿಡಿಯ ಮೇಲೆ ಕೈಯಿಟ್ಟು ನೋಡಿದೆ.

"ಇದೆ," ಎಂದೆ.

ಅಮ್ಮ ಮಸಿಬಟ್ಟೆಯನ್ನು ಎರಡು ಮಡಿಕೆ ಮಾಡಿಕೊಂಡು ಪಾತ್ರೆ ಇಳಿಸಿದಳು.